ತಾಂಡ್ಯದಿಂದ ಅರಮನೆಗೆ: ಅಭಿನಯವನ್ನೇ ಬಾಳಾಗಿಸಿಕೊಂಡ ಕಡೂರಿನ ವೆಂಕಟಲಕ್ಷಮ್ಮ

ಕಡೂರು: ಮೈಸೂರು ಶೈಲಿಯ ಭರತನಾಟ್ಯದ ಹೆಸರು ಬಂದಾಗಲೆಲ್ಲ ಅರಮನೆ, ದಸರಾ, ದರ್ಬಾರು ಮೊದಲಾದವು ನೆನಪಾಗುವುದು ಸಹಜ. ಆದರೆ ಆ ಶೈಲಿಯ ಕೊನೆಯ ಆಸ್ಥಾನ ವಿದುಷಿಯರಲ್ಲಿ ಅಗ್ರಗಣ್ಯರೆನಿಸಿದ ಡಾ. ಕೆ. ವೆಂಕಟಲಕ್ಷಮ್ಮನವರು ಹುಟ್ಟಿದ್ದು ಅರಮನೆಯ ನೆರಳಿನಲ್ಲಿ ಅಲ್ಲ. ಕಡೂರು ಸೀಮೆಯ ತಂಗಲಿ ತಾಂಡ್ಯದ ಒಂದು ಲಂಬಾಣಿ ಕುಟುಂಬದಲ್ಲಿ. 1906ರ ಮೇ 29ರಂದು ಜನಿಸಿ, 2002ರ ಜುಲೈ 1ರಂದು ತೀರಿಕೊಂಡ ಅವರ 96 ವರ್ಷಗಳ ಬದುಕು ಹೆಚ್ಚು ಕಡಿಮೆ ಇಡೀ 20ನೆಯ ಶತಮಾನವನ್ನು ವ್ಯಾಪಿಸಿದೆ.

ಆ ಶತಮಾನದಲ್ಲಿ ಈ ಕಲೆ ಮೂರು ಬಾರಿ ಮನೆ ಬದಲಿಸಿತು. ಮೊದಲು ದೇವಾಲಯದಿಂದ ಹೊರಬಿದ್ದಿತು, ಬಳಿಕ ಅರಮನೆಯ ಆಶ್ರಯವನ್ನು ಕಳೆದುಕೊಂಡಿತು, ಕೊನೆಗೆ ತರಗತಿಯ ಕೊಠಡಿಯನ್ನೂ ನಗರದ ರಂಗಮಂದಿರವನ್ನೂ ಸೇರಿತು. ಈ ಪಯಣದ ಯಾವುದಾದರೂ ಒಂದು ಘಟ್ಟದಲ್ಲಿ ಕೊಂಡಿ ಕಳಚಿದ್ದರೆ ಮೈಸೂರಿನ ಅಭಿನಯ ಪರಂಪರೆ ಇಂದು ಪುಸ್ತಕದ ಒಂದು ಪ್ಯಾರಾ ಆಗಿ ಉಳಿಯುತ್ತಿತ್ತು. ಅದು ಹಾಗಾಗದಂತೆ ನೋಡಿಕೊಂಡವರಲ್ಲಿ ಮೊದಲ ಹೆಸರು ವೆಂಕಟಲಕ್ಷಮ್ಮನವರದು.

ಬಯಲುಸೀಮೆಯ ತಾಂಡ್ಯ

ವೆಂಕಟಲಕ್ಷಮ್ಮನವರು ಹುಟ್ಟಿದಾಗ ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂಬ ಹೆಸರಿತ್ತು. ಜಿಲ್ಲಾ ಕೇಂದ್ರ ಚಿಕ್ಕಮಗಳೂರಿಗೆ ಹೋಗಿ ದಶಕಗಳಾಗಿದ್ದರೂ ಹೆಸರು ಮಾತ್ರ 1947ರವರೆಗೆ ಉಳಿದುಕೊಂಡಿತು. ಪಶ್ಚಿಮಕ್ಕೆ ಬಾಬಾಬುಡನ್ ಗಿರಿಯ ಸಾಲು, ಪೂರ್ವಕ್ಕೆ ರಾಗಿ, ತೆಂಗು ಮತ್ತು ಕಾವಲು ಭೂಮಿಯ ಬಯಲು. ಕಡೂರು, ತರೀಕೆರೆ ಮತ್ತು ಈಗ ಸ್ವತಂತ್ರ ತಾಲ್ಲೂಕಾಗಿರುವ ಅಜ್ಜಂಪುರ ಈ ಎರಡು ಸೀಮೆಗಳ ನಡುವಿನ ಹೊಸ್ತಿಲಿನಂತಿವೆ. ಅಮೃತಮಹಲ್ ದನಗಳಿಗೆ ಹೆಸರಾದ ಕಾವಲುಗಳು ಇಲ್ಲಿಯವೇ. ಇಂತಹ ಬಯಲಿನ ಅಂಚಿನಲ್ಲಿ, ಊರಿನಿಂದ ತುಸು ದೂರದಲ್ಲಿ, ಲಂಬಾಣಿಗರ ತಾಂಡ್ಯಗಳು ನೆಲೆಗೊಂಡವು.

ಲಂಬಾಣಿಗರು ಅಥವಾ ಬಂಜಾರರು ಶತಮಾನಗಳ ಕಾಲ ಹೇರೆತ್ತುಗಳ ಮೇಲೆ ಉಪ್ಪು, ದವಸ ಸಾಗಿಸಿದವರು. ದಂಡು ಹೋದಲ್ಲೆಲ್ಲ ಅದರ ಅನ್ನದ ಹೊಣೆ ಹೊತ್ತವರು. ರಸ್ತೆ ಮತ್ತು ರೈಲು ಬಂದ ಮೇಲೆ ಆ ಕಸುಬು ಕುಸಿಯಿತು. ಕಡೂರು, ಬೀರೂರು ಮಾರ್ಗವಾಗಿ ಬೆಂಗಳೂರು-ಹರಿಹರ ರೈಲು ಹಾದಿ 1889ರಲ್ಲಿ ಪೂರ್ಣಗೊಂಡಿತು. ಬೀರೂರಿನಿಂದ ತರೀಕೆರೆಯ ಮೂಲಕ ಶಿವಮೊಗ್ಗಕ್ಕೆ 1899ರಲ್ಲಿ ರೈಲು ಓಡಿತು. ಎತ್ತಿನ ಹಿಂಡು ಹೊರುತ್ತಿದ್ದ ಸರಕನ್ನು ಗೂಡ್ಸ್ ಗಾಡಿ ಹೊರತೊಡಗಿದಾಗ ತಲೆಮಾರುಗಳಿಂದ ಸಂಚರಿಸುತ್ತಿದ್ದ ಜನ ಕೂಲಿಗೆ, ಕೃಷಿಗೆ, ಸೌದೆ ಮಾರಾಟಕ್ಕೆ ಇಳಿಯಬೇಕಾಯಿತು. ವೆಂಕಟಲಕ್ಷಮ್ಮನವರು ಹುಟ್ಟಿದ್ದು ಈ ಪಲ್ಲಟದ ಬೆನ್ನಿಗೆ.

ಕಸುಬು ಹೋದರೂ ತಾಂಡ್ಯದ ಹಾಡು ಹೋಗಲಿಲ್ಲ. ಹೋಳಿ, ದೀಪಾವಳಿಗಳಲ್ಲಿ ಹೆಂಗಳೆಯರು ಕನ್ನಡಿ ಬಿಲ್ಲೆಯ ಉಡುಪು ತೊಟ್ಟು, ವೃತ್ತಾಕಾರದಲ್ಲಿ ನಿಂತು, ಬಾಗಿ, ಚಪ್ಪಾಳೆ ತಟ್ಟಿ ಹಾಡುತ್ತಾ ಕುಣಿಯುವುದು ಇಂದಿಗೂ ಈ ಭಾಗದ ತಾಂಡ್ಯಗಳಲ್ಲಿ ಕಾಣಸಿಗುವ ದೃಶ್ಯ. ಅಲ್ಲಿ ನೋಡುವವರು ಬೇರೆ, ಕುಣಿಯುವವರು ಬೇರೆ ಎಂಬ ಭೇದವಿಲ್ಲ. ಬರೆದಿಟ್ಟ ಸಾಹಿತ್ಯವಿಲ್ಲ, ಅಜ್ಜಿಯ ಬಾಯಿಂದ ಮೊಮ್ಮಗಳ ಬಾಯಿಗೆ ಬಂದದ್ದೇ ಪಾಠ. ಬಾಯಿಂದ ಬಾಯಿಗೆ, ಮೈಯಿಂದ ಮೈಗೆ ದಾಟುವ ಕಲೆಯ ಮತ್ತೊಂದು ದೊಡ್ಡ ಪರಂಪರೆಗೆ ಈ ಸಮುದಾಯದ ಹೆಣ್ಣುಮಗಳೊಬ್ಬಳು ವಾರಸುದಾರಳಾದದ್ದು ನಾಡಿನ ಕಲಾ ಚರಿತ್ರೆಯ ಅಪರೂಪದ ಸಂಗತಿಗಳಲ್ಲಿ ಒಂದು.

ಕಾಲ ಅನುಕೂಲವಾಗಿರಲಿಲ್ಲ

ಹೆಣ್ಣುಮಗು ನೃತ್ಯ ಕಲಿಯುವುದಕ್ಕೆ ಆ ಕಾಲ ಸ್ವಲ್ಪವೂ ಅನುಕೂಲವಾಗಿರಲಿಲ್ಲ. 19ನೆಯ ಶತಮಾನದ ಕೊನೆಯಿಂದಲೇ ದಕ್ಷಿಣ ಭಾರತದಲ್ಲಿ ನಾಚ್ ವಿರೋಧಿ ಚಳವಳಿ ಬಲಗೊಂಡಿತ್ತು. ದೇವದಾಸಿ ಪದ್ಧತಿಯ ಹೆಸರಿನಲ್ಲಿ ನಡೆಯುತ್ತಿದ್ದ ಶೋಷಣೆಯನ್ನು ತಡೆಯಬೇಕೆಂಬ ಕಾಳಜಿ ಅದರ ಹಿಂದಿತ್ತು. ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಮುಂದಿತ್ತು. ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸುವ ಸರ್ಕಾರಿ ಆದೇಶ 1909ರಲ್ಲೇ ಹೊರಬಿದ್ದಿತು. ಮದರಾಸು ಪ್ರಾಂತ್ಯದಲ್ಲಿ ಇಂತಹ ಕಾಯಿದೆ ಬಂದದ್ದು 1947ರಲ್ಲಿ.

ಸುಧಾರಣೆಯ ಉದ್ದೇಶ ನ್ಯಾಯವಾದದ್ದೇ. ಆದರೆ ಅದರೊಡನೆ ಮತ್ತೊಂದು ಪರಿಣಾಮವೂ ಬಂದಿತು. ನೃತ್ಯವನ್ನೇ ಬಾಳಿನ ಆಧಾರವಾಗಿಸಿಕೊಂಡಿದ್ದ, ಸಂಸ್ಕೃತ ಹಾಗೂ ತೆಲುಗು ಕಾವ್ಯವನ್ನು ಬಾಯಿಪಾಠ ಮಾಡಿದ್ದ, ರಾಗ-ತಾಳಗಳ ಮೇಲೆ ಹಿಡಿತ ಸಾಧಿಸಿದ್ದ ಸ್ತ್ರೀಯರು ಒಮ್ಮೆಲೇ ಗೌರವ ಮತ್ತು ಜೀವನೋಪಾಯ ಎರಡನ್ನೂ ಕಳೆದುಕೊಂಡರು. ಅವರ ಕಲೆಯನ್ನು ಮೆಚ್ಚುತ್ತಿದ್ದ ಮನೆತನಗಳೇ ಅದರ ಹೆಸರೆತ್ತಲು ಹಿಂಜರಿಯುವ ಕಾಲ ಬಂದಿತು. ಮೈಸೂರಿನಲ್ಲಿ ಈ ವಿದ್ಯೆಗೆ ಉಳಿದ ಆಸರೆ ಎಂದರೆ ಅರಮನೆ ಮಾತ್ರ.

ಅರಮನೆಯ ಈ ಆಶ್ರಯಕ್ಕೂ ಹಿನ್ನೆಲೆ ಇತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ತಂಜಾವೂರು ಸಹೋದರರೆಂದು ಪ್ರಸಿದ್ಧರಾದ ನಾಲ್ವರಲ್ಲಿ ಹಿರಿಯರಾದ ಚಿನ್ನಯ್ಯನವರು ಮೈಸೂರು ಆಸ್ಥಾನಕ್ಕೆ ಬಂದು ನೆಲೆಸಿದ್ದರು. ಲಘು ಲಯದ, ಶೃಂಗಾರ ಪ್ರಧಾನವಾದ ಜಾವಳಿಗಳಿಗೆ ಮೈಸೂರು ತವರಿನಂತಾಯಿತು. ಸಂಸ್ಕೃತ, ತೆಲುಗು, ಕನ್ನಡ ಮೂರೂ ಒಂದೇ ಸಭೆಯಲ್ಲಿ ಹರಿಯುತ್ತಿದ್ದವು. ಈ ಪರಿಸರದಲ್ಲಿ ಬೆಳೆದು ಬಂದವರೇ ಜಟ್ಟಿ ತಾಯಮ್ಮ.

ಜಟ್ಟಿಯ ಮಗಳು ಗುರುವಾದಳು

ಜಟ್ಟಿ ತಾಯಮ್ಮನವರು 1857ರಲ್ಲಿ ಹುಟ್ಟಿದವರು. ತಂದೆ ಕುಸ್ತಿಪಟು, ಜಟ್ಟಿ ಎಂಬ ಬಿರುದು ಹೆಸರಿಗೆ ಅಂಟಿಕೊಂಡದ್ದು ಹಾಗೆ. ಅಖಾಡದ ಮನೆತನದಿಂದ ಬಂದ ತಾಯಮ್ಮನವರು ಅಭಿನಯದಲ್ಲಿ ಗಳಿಸಿದ ಪ್ರಾವೀಣ್ಯ ನಾಡಿನ ಗಡಿಯನ್ನು ದಾಟಿತ್ತು. ಅಮೆರಿಕದಲ್ಲಿ ಹುಟ್ಟಿ, ಭಾರತೀಯ ನೃತ್ಯಕ್ಕೆ ಮನಸೋತು ರಾಗಿಣಿ ದೇವಿ ಎಂಬ ಹೆಸರಿನಿಂದ ಪ್ರಸಿದ್ಧರಾದ ಎಸ್ತರ್ ಶೆರ್ಮನ್ ಅವರೂ 1930ರ ದಶಕದಲ್ಲಿ ತಾಯಮ್ಮನವರ ಬಳಿ ಕಲಿತವರು.

ತಂಗಲಿ ತಾಂಡ್ಯದ ಬಾಲಕಿಗೆ ಈ ತಾಯಮ್ಮನವರ ಶಿಷ್ಯತ್ವ ದೊರೆತದ್ದು 8ನೆಯ ವಯಸ್ಸಿನಲ್ಲಿ. ಆಗ ತಾಯಮ್ಮನವರಿಗೆ ಹತ್ತಿರ ಹತ್ತಿರ 57 ವರ್ಷ. ಮನೆಮಾತು ಲಂಬಾಣಿ, ಸುತ್ತಲಿನ ಮಾತು ಕನ್ನಡ, ಕಲಿಯಬೇಕಾದ ಸಾಹಿತ್ಯ ಸಂಸ್ಕೃತ ಮತ್ತು ತೆಲುಗು. ಒಂದು ಮಗು ದಾಟಬೇಕಾಗಿದ್ದ ದೂರ ಕಡೂರಿನಿಂದ ಮೈಸೂರಿನ ಹಾದಿಗಿಂತ ಬಹಳ ಹೆಚ್ಚಿನದಾಗಿತ್ತು.

ಕಲಿಕೆ ಗುರುಕುಲ ಪದ್ಧತಿಯದು. ಹೆಜ್ಜೆಗಳ ಅಡವಿನಷ್ಟೇ ಭಾಷೆಗೂ ಸಂಗೀತಕ್ಕೂ ಪ್ರಾಧಾನ್ಯ. ದೇವೋತ್ತಮ ಜೋಯಿಸ್, ಶಾಂತಾಶಾಸ್ತ್ರಿ, ಗಿರಿಭಟ್ಟ ಮೊದಲಾದ ಆಸ್ಥಾನ ವಿದ್ವಾಂಸರಲ್ಲಿ ವೆಂಕಟಲಕ್ಷಮ್ಮನವರು ಸಂಸ್ಕೃತ ಅಭ್ಯಾಸ ಮಾಡಿದರು. ಸಂಗೀತವನ್ನು ಸಿ. ರಾಮರಾವ್ ಮತ್ತು ಬಿ. ದೇವೇಂದ್ರಪ್ಪನವರಲ್ಲಿ ಕಲಿತರು. ದೇವೇಂದ್ರಪ್ಪನವರು ಶಿವಮೊಗ್ಗ ಸೀಮೆಯ ಅಯನೂರಿನವರು; ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಸೂರಿನಲ್ಲಿ ಸಂಗೀತ ಸೇವೆಗೆಂದೇ ರಾಮಮಂದಿರವೊಂದನ್ನು ಕಟ್ಟಿಸಿ, ಅರಮನೆಗೆ ಪ್ರವೇಶವಿಲ್ಲದ ಸಾಮಾನ್ಯ ರಸಿಕರೂ ದೊಡ್ಡ ವಿದ್ವಾಂಸರನ್ನು ಹತ್ತಿರದಿಂದ ಕೇಳುವಂತೆ ಮಾಡಿದವರು ಆ ಕೃಷ್ಣಪ್ಪನವರು. ಮಲೆನಾಡಿನ ಅಂಚಿನಿಂದ ಬಂದ ಗುರು ಮತ್ತು ಶಿಷ್ಯೆ ಹೀಗೆ ಮೈಸೂರಿನ ಸಂಗೀತದ ಬೀದಿಗಳಲ್ಲಿ ಸೇರಿದರು.

ಒಂದು ಸಾಲು, ಹಲವು ಅರ್ಥ

ಅಭಿನಯದ ಪಾಠ ಹೊರಗಿನಿಂದ ನೋಡುವವರಿಗೆ ಸುಲಭವಾಗಿ ಕಾಣಬಹುದು. ಒಳಹೊಕ್ಕರೆ ಅದರ ಲೆಕ್ಕ ಬೇರೆಯೇ. ಒಂದು ಕೈಯಿಂದ ತೋರುವ ಮುದ್ರೆಗಳೇ ಅಭಿನಯ ದರ್ಪಣದ ಪ್ರಕಾರ 28. ಶಿರ, ದೃಷ್ಟಿ, ಹುಬ್ಬು, ಕತ್ತು ಪ್ರತಿಯೊಂದಕ್ಕೂ ಪ್ರತ್ಯೇಕ ಭೇದಗಳು. ನಾಯಕಿಯ ಅವಸ್ಥೆಗಳು 8: ಕಾದು ಕುಳಿತವಳು, ಸಿಂಗರಿಸಿಕೊಂಡು ಸಿದ್ಧಳಾದವಳು, ವಂಚನೆಗೊಳಗಾದವಳು, ಜಗಳವಾಡಿ ಪಶ್ಚಾತ್ತಾಪ ಪಡುವವಳು, ಇತ್ಯಾದಿ. ಇವನ್ನೆಲ್ಲ ಬಾಯಿಪಾಠ ಮಾಡಿದ ಮಾತ್ರಕ್ಕೆ ಅಭಿನಯ ಬರುವುದಿಲ್ಲ. ಪದದ ಅರ್ಥ ಕಲಾವಿದೆಯ ಮುಖದಲ್ಲಿ ಹುಟ್ಟಬೇಕು. ಅದು ಹುಟ್ಟಿದ್ದು ನೋಡುವವರ ಮುಖದಲ್ಲಿ ತಿಳಿಯಬೇಕು.

ಮೈಸೂರು ಶೈಲಿಯ ಹಿರಿಮೆ ಇರುವುದು ಸಂಚಾರಿ ಭಾವಗಳ ವಿಸ್ತಾರದಲ್ಲಿ. ಗಾಯಕರು ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ. ಪ್ರತಿ ಆವರ್ತನೆಯಲ್ಲೂ ಕಲಾವಿದೆ ಹೊಸ ಅರ್ಥವನ್ನು ತೆರೆದಿಡುತ್ತಾಳೆ. ನಲ್ಲನನ್ನು ಕರೆತಾ ಎಂದು ಸಖಿಗೆ ಹೇಳುವ ಒಂದು ಮಾತನ್ನೇ ತೆಗೆದುಕೊಂಡರೆ, ಅದು ಮೊದಲ ಬಾರಿ ಬೇಡಿಕೆಯಾಗಬಹುದು, ಎರಡನೆಯ ಬಾರಿ ಆಜ್ಞೆ, ಮೂರನೆಯ ಬಾರಿ ನಾಚಿಕೆ, ನಾಲ್ಕನೆಯ ಬಾರಿ ಸಖಿಯ ಮೇಲೆಯೇ ಸಂಶಯ. ಸಾಹಿತ್ಯ ಬದಲಾಗುವುದಿಲ್ಲ, ರಾಗ ಬದಲಾಗುವುದಿಲ್ಲ, ಬದಲಾಗುವುದು ಮನಸ್ಸು. ಇದಕ್ಕೆ ಮುಂಚಿತವಾಗಿ ಬರೆದಿಟ್ಟ ಕ್ರಮವಿಲ್ಲ. ಸಭೆಯ ಸ್ಪಂದನ ನೋಡಿ, ಗಾಯಕರ ಗಮಕ ಕೇಳಿ, ಆ ಗಳಿಗೆಯಲ್ಲೇ ಹೊಳೆಯಬೇಕು. ಜಾಝ್ ಸಂಗೀತಗಾರರು ಪರಿಚಿತ ರಾಗವೊಂದನ್ನು ಹಿಡಿದು ಪ್ರತಿ ಸುತ್ತಿನಲ್ಲೂ ಹೊಸದಾಗಿ ಬೆಳೆಸುವ ಮನೋಧರ್ಮಕ್ಕೂ ಇದಕ್ಕೂ ಹತ್ತಿರದ ಸಂಬಂಧವಿದೆ.

ಜಯದೇವನ ಗೀತಗೋವಿಂದದ ಅಷ್ಟಪದಿಗಳು, ಕ್ಷೇತ್ರಯ್ಯನ ಪದಗಳು, ಜಾವಳಿಗಳು, ಲೀಲಾಶುಕನ ಕೃಷ್ಣಕರ್ಣಾಮೃತದ ಶ್ಲೋಕಗಳು ಈ ಸಂಪ್ರದಾಯದ ಮುಖ್ಯ ಬಂಡವಾಳ. ಅಮರುಶತಕದ ಶ್ಲೋಕಗಳನ್ನು ಅಭಿನಯಿಸುವುದಂತೂ ಮೈಸೂರಿನವರ ವಿಶೇಷ. ನಾಲ್ಕು ಸಾಲಿನ ಒಂದು ಶ್ಲೋಕದಲ್ಲಿ ಒಂದು ಸಂಸಾರದ ಜಗಳ, ಸಂಧಾನ, ಮೌನ ಎಲ್ಲವೂ ಅಡಗಿರುತ್ತದೆ. ತಾಳದ ಆಸರೆಯಿಲ್ಲದೆ, ರಾಗಮಾಲಿಕೆಯ ಆಲಾಪನೆಯೊಡನೆ ಅದನ್ನು ಬಿಡಿಸಿ ತೋರಿಸುವುದಕ್ಕೆ ಸಂಸ್ಕೃತದ ಪದಪದವೂ ತಿಳಿದಿರಬೇಕು. ಲಂಬಾಣಿ ಕುಟುಂಬದ ಬಾಲಕಿ ಆಸ್ಥಾನ ಪಂಡಿತರ ಮುಂದೆ ಕುಳಿತು ವರ್ಷಗಟ್ಟಲೆ ಕಲಿತದ್ದು ಈ ಕಾರಣಕ್ಕೆ.

ಗುರುವಿನ ಪಕ್ಕದಲ್ಲಿ 15 ವರ್ಷ

12ನೆಯ ವಯಸ್ಸಿನಲ್ಲಿ ವೆಂಕಟಲಕ್ಷಮ್ಮನವರ ರಂಗಪ್ರವೇಶವಾಯಿತು. ಇಂದಿನ ರಂಗಪ್ರವೇಶಗಳಂತೆ ಅದು ಕಲಿಕೆಯ ಸಮಾರೋಪವಾಗಿರಲಿಲ್ಲ, ಕಲಿಕೆಯ ಆರಂಭವಾಗಿತ್ತು. ಅನಂತರ ಸುಮಾರು 15 ವರ್ಷಗಳ ಕಾಲ ಅವರು ತಾಯಮ್ಮನವರ ಜೊತೆಯಲ್ಲೇ ಪ್ರದರ್ಶನ ನೀಡಿದರು. ಗುರು ಮತ್ತು ಶಿಷ್ಯೆಯ ಈ ಜೋಡಿ ಮೈಸೂರಿನ ರಸಿಕರಲ್ಲಿ ಮನೆಮಾತಾಯಿತು.

ಒಂದೇ ವೇದಿಕೆಯಲ್ಲಿ ಅರ್ಧ ಶತಮಾನದಷ್ಟು ವಯಸ್ಸಿನ ಅಂತರವಿರುವ ಇಬ್ಬರು ನಿಂತಾಗ, ಪ್ರೇಕ್ಷಕರು ಯೌವನವನ್ನು ನೋಡಲು ಬರುತ್ತಾರೆಂಬ ಮಾತು ಸುಳ್ಳಾಗುತ್ತದೆ. ವೃದ್ಧೆಯೊಬ್ಬರು ಹದಿನಾರರ ನಾಯಕಿಯಾಗಿ ಕಾಣುವುದು ಅಭಿನಯದ ನಿಜವಾದ ಪರೀಕ್ಷೆ. ವೆಂಕಟಲಕ್ಷಮ್ಮನವರು ಆ ಪಾಠವನ್ನು ಪಕ್ಕದಲ್ಲಿ ನಿಂತು ಕಲಿತರು. ಮುಂದೆ ತಮ್ಮ ಇಳಿವಯಸ್ಸಿನಲ್ಲಿ ಅದನ್ನೇ ಮಾಡಿ ತೋರಿಸಿದರು. ಕುಳಿತಲ್ಲೇ, ಹೆಜ್ಜೆ ಹಾಕದೆ, ಕಣ್ಣು ಮತ್ತು ಕೈಗಳಿಂದಲೇ ಒಂದು ಪದವನ್ನು ತುಂಬಿ ಕೊಡುವ ಶಕ್ತಿ ಈ ಪರಂಪರೆಯ ಮೂಲಗುಣ.

ಆದ್ದರಿಂದಲೇ ಈ ಕಲೆಗೆ ಚಿಕ್ಕ ಸಭೆ ಬೇಕು. ಹುಬ್ಬಿನ ಕೊಂಕು, ತುಟಿಯಂಚಿನ ನಗೆ, ಅರ್ಧ ಮುಚ್ಚಿದ ರೆಪ್ಪೆ ಇವು ಹತ್ತಾರು ಅಡಿ ದೂರದವರೆಗೆ ಮಾತ್ರ ತಲುಪುತ್ತವೆ. ಹಾಡುವವರು, ಮೃದಂಗದವರು ಮೈಕಿನ ಹಂಗಿಲ್ಲದೆ ಕಲಾವಿದೆಯ ಉಸಿರಿಗೆ ಹೊಂದಿಕೊಂಡು ನುಡಿಸುವುದೂ ಅಂತಹ ಕೊಠಡಿಯಲ್ಲಿ ಮಾತ್ರ ಸಾಧ್ಯ. ಸಭೆ ದೊಡ್ಡದಾದಷ್ಟೂ ಹೆಜ್ಜೆ ಜೋರಾಗಬೇಕು, ಭಂಗಿ ವಿಶಾಲವಾಗಬೇಕು. ಭಾವ ಹಿಂದಕ್ಕೆ ಸರಿಯಲೇಬೇಕು. ಮುಂದಿನ ದಶಕಗಳಲ್ಲಿ ಮೈಸೂರು ಶೈಲಿ ಎದುರಿಸಿದ ಸಂಕಟದ ಬೀಜ ಇದರಲ್ಲೇ ಇತ್ತು.

1939ರ ಆಸ್ಥಾನ ವಿದುಷಿ

1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವೆಂಕಟಲಕ್ಷಮ್ಮನವರನ್ನು ಆಸ್ಥಾನ ವಿದುಷಿಯಾಗಿ ನೇಮಿಸಿದರು. ಆಗ ಅವರಿಗೆ 33 ವರ್ಷ. ವೀಣೆ ಶೇಷಣ್ಣನವರಂತಹ ವಿದ್ವಾಂಸರು ಬೆಳಗಿದ ಆಸ್ಥಾನವದು. ಕರ್ನಾಟಕ ಸಂಗೀತ, ಹಿಂದೂಸ್ತಾನಿ ಸಂಗೀತಗಳ ಜೊತೆಗೆ ಪಾಶ್ಚಾತ್ಯ ವಾದ್ಯವೃಂದವೂ ಅಲ್ಲಿತ್ತು. ಜರ್ಮನಿಯ ಆಟೊ ಸ್ಮಿತ್ ಅರಮನೆಯ ಬ್ಯಾಂಡಿನ ನಾಯಕರಾಗಿದ್ದರು. ಅಂತಹ ಸಭೆಯಲ್ಲಿ ತಾಂಡ್ಯದಿಂದ ಬಂದ ಮಹಿಳೆಯೊಬ್ಬರಿಗೆ ದೊರೆತ ಸ್ಥಾನ ಬರಿಯ ಸಂಬಳದ ಹುದ್ದೆಯಾಗಿರಲಿಲ್ಲ. ಸಮಾಜ ಕೀಳಾಗಿ ಕಾಣತೊಡಗಿದ್ದ ವಿದ್ಯೆಯೊಂದಕ್ಕೆ ವಿದ್ವತ್ತಿನ ಮುದ್ರೆ ಬಿದ್ದಂತೆ ಆಯಿತು.

ಅದೇ 1939ರಲ್ಲಿ ನ್ಯೂಯಾರ್ಕ್ ನಗರದ ನೆಲಮಾಳಿಗೆಯೊಂದರಲ್ಲಿ, ಕೆಫೆ ಸೊಸೈಟಿ ಎಂಬ ಪುಟ್ಟ ಕ್ಲಬ್ಬಿನಲ್ಲಿ, ಬಿಲ್ಲಿ ಹಾಲಿಡೇ ಎಂಬ ಕಪ್ಪು ಗಾಯಕಿ ಜನಾಂಗ ದ್ವೇಷದ ಕೊಲೆಗಳ ವಿರುದ್ಧದ ಗೀತೆಯನ್ನು ಹಾಡಿ ಕೇಳುಗರನ್ನು ನಡುಗಿಸಿದರು. ಬಿಳಿಯರೂ ಕರಿಯರೂ ಒಟ್ಟಿಗೆ ಕುಳಿತು ಕೇಳಬಹುದಾಗಿದ್ದ ಅಲ್ಲಿನ ಕೆಲವೇ ಸ್ಥಳಗಳಲ್ಲಿ ಅದೂ ಒಂದು. ಬ್ಲೂಸ್ ಮತ್ತು ಜಾಝ್ ಹಾಡುತ್ತಿದ್ದ ಹೆಂಗಸರನ್ನು ಅಲ್ಲಿನ ಸಭ್ಯ ಸಮಾಜ ಬಹುಕಾಲ ಅನುಮಾನದಿಂದಲೇ ನೋಡಿತ್ತು. ಎರಡು ದೇಶ, ಎರಡು ಕಲೆ, ಹೋಲಿಕೆಗೆ ಮಿತಿಯಿದೆ. ಆದರೂ ಅಂಚಿಗೆ ತಳ್ಳಲ್ಪಟ್ಟ ಸಮುದಾಯದ ಹೆಣ್ಣಿನ ದನಿ ಮತ್ತು ಮೈ ಚಿಕ್ಕ ಸಭೆಯೊಂದರಲ್ಲಿ ಗೌರವ ಗಳಿಸಿಕೊಂಡ ರೀತಿ ಎರಡೂ ಕಡೆ ಒಂದೇ.

ನೇಮಕವಾದ ಮರುವರ್ಷ, 1940ರ ಆಗಸ್ಟ್‌ನಲ್ಲಿ, ನಾಲ್ವಡಿಯವರು ನಿಧನರಾದರು. ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು ಸ್ವತಃ ಸಂಗೀತಜ್ಞರು. ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದವರು. ಪಾಶ್ಚಾತ್ಯ ಸಂಗೀತದಲ್ಲೂ ಪಳಗಿದವರು. ರಷ್ಯಾ ಮೂಲದ ಸಂಗೀತಕಾರ ಮೆಡ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ನೀಡಿದವರು ಅವರು. ಲಂಡನ್ನಿನ ಸಭಾಂಗಣದಲ್ಲಿ ಮೈಸೂರಿನ ನೆರವು ಪಡೆದ ಸಂಗೀತ ಮೊಳಗುತ್ತಿದ್ದ ಕಾಲದಲ್ಲಿಯೇ ಅಂಬಾವಿಲಾಸದಲ್ಲಿ ವೆಂಕಟಲಕ್ಷಮ್ಮನವರ ಅಷ್ಟಪದಿ, ಜಾವಳಿಗಳೂ ನಡೆಯುತ್ತಿದ್ದವು.

ಆಶ್ರಯ ತಪ್ಪಿದಾಗ

1947ರಲ್ಲಿ ಜಟ್ಟಿ ತಾಯಮ್ಮನವರು ತೀರಿಕೊಂಡರು. ಅದೇ ವರ್ಷ ದೇಶ ಸ್ವತಂತ್ರವಾಯಿತು. 1950ರ ಹೊತ್ತಿಗೆ ಮೈಸೂರಿನ ರಾಜರ ಆಳ್ವಿಕೆ ಮುಗಿಯಿತು. ಪ್ರಜಾಪ್ರಭುತ್ವದ ದೃಷ್ಟಿಯಿಂದ ಹಿಗ್ಗಬೇಕಾದ ಬದಲಾವಣೆಯೇ ಆಸ್ಥಾನ ಕಲಾವಿದರ ಪಾಲಿಗೆ ಅನಿಶ್ಚಿತ ಭವಿಷ್ಯವನ್ನು ತಂದಿತು. ಗುರುವಿಲ್ಲ, ದೇವಾಲಯದ ಸೇವೆಯಿಲ್ಲ, ಅರಮನೆಯ ಆದಾಯ ಕುಗ್ಗುತ್ತಿದೆ. ಕಲೆ ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ.

ಇದೇ ಹೊತ್ತಿಗೆ ಮದರಾಸಿನಲ್ಲಿ ನೃತ್ಯ ಹೊಸ ರೂಪ ತಾಳಿತ್ತು. ರುಕ್ಮಿಣಿ ದೇವಿ ಅರುಂಡೇಲ್ ಅವರು 1935ರಲ್ಲಿ ಅಡ್ಯಾರಿನಲ್ಲಿ ನರ್ತಿಸಿ, 1936ರಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದ್ದರು. ಸಾಂಪ್ರದಾಯಿಕ ಕಲಾವಿದರ ಕುಟುಂಬದಿಂದ ಬಂದ ಟಿ. ಬಾಲಸರಸ್ವತಿಯವರು ಶೃಂಗಾರ ಪದಗಳ ಗೌರವವನ್ನು ಎತ್ತಿ ಹಿಡಿದಿದ್ದರು. ಸದಿರ್ ಎಂಬ ಹಳೆಯ ಹೆಸರು ಹಿಂದೆ ಸರಿದು ಭರತನಾಟ್ಯ ಎಂಬ ಹೆಸರು ನೆಲೆಯೂರಿತು. ಮಧ್ಯಮ ವರ್ಗದ ಹೆಣ್ಣುಮಕ್ಕಳು ನೃತ್ಯ ಶಾಲೆಗಳಿಗೆ ಬರತೊಡಗಿದರು. ಖಚಿತ ಅಡವು, ಜ್ಯಾಮಿತಿಯಂತಹ ರೇಖೆ, ದೊಡ್ಡ ವೇದಿಕೆ, ಬೆಳಕಿನ ವ್ಯವಸ್ಥೆ ಹೊಸ ಕಾಲದ ಲಕ್ಷಣಗಳಾದವು. ಬೆಂಗಳೂರಿನಲ್ಲೂ ಈ ಶೈಲಿಗಳೇ ಜನಪ್ರಿಯವಾದವು.

ಮೈಸೂರು ಶೈಲಿಯ ನಡೆ ಮೃದು. ನೆಲವನ್ನು ಗಟ್ಟಿಯಾಗಿ ಮೆಟ್ಟುವುದು ಕಡಿಮೆ, ಭಾವಕ್ಕೆ ಕೊಡುವ ಕಾಲಾವಕಾಶ ಹೆಚ್ಚು. ವೇಗವನ್ನು ಬಯಸುವ ಹೊಸ ಪ್ರೇಕ್ಷಕನಿಗೆ ಅದು ಹಳೆಯದೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಈ ಸ್ಥಿತಿಯಲ್ಲಿ ಕಲಾವಿದೆಯ ಮುಂದೆ ಎರಡು ದಾರಿಗಳಿದ್ದವು. ಕಾಲಕ್ಕೆ ತಕ್ಕಂತೆ ಶೈಲಿಯನ್ನೇ ಬದಲಿಸಿಕೊಳ್ಳುವುದು ಒಂದು. ಶೈಲಿಯನ್ನು ಹಾಗೆಯೇ ಉಳಿಸಿಕೊಂಡು ಕಲಿಸುವ ಬಗೆಯನ್ನು ಬದಲಿಸುವುದು ಮತ್ತೊಂದು. ವೆಂಕಟಲಕ್ಷಮ್ಮನವರು ಎರಡನೆಯದನ್ನು ಆರಿಸಿಕೊಂಡರು.

ಅರಮನೆಯಿಂದ ತರಗತಿಗೆ

1964ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಅವರಿಗೆ ಸಂದಿತು. ಮರುವರ್ಷ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ವಿಭಾಗ ಆರಂಭವಾದಾಗ ಅದರ ಮೊದಲ ರೀಡರ್ ಹುದ್ದೆಗೆ ವೆಂಕಟಲಕ್ಷಮ್ಮನವರೇ ಬಂದರು. ಆಗ ಅವರ ವಯಸ್ಸು 59. ಕಾಲೇಜಿನ ಮೆಟ್ಟಿಲು ಹತ್ತದೆ, ಗುರುವಿನ ಮನೆಯಲ್ಲಿ ಕಲಿತ ವಿದ್ಯೆಯ ಬಲದಿಂದ ವಿಶ್ವವಿದ್ಯಾನಿಲಯದ ಅಧ್ಯಾಪಕಿಯಾದರು.

ಹೊರನೋಟಕ್ಕೆ ಇದು ಗೌರವದ ಹುದ್ದೆ. ಒಳಗೆ ಇದು ಕಠಿಣವಾದ ಕೆಲಸ. ಗುರುಕುಲದಲ್ಲಿ ಒಂದು ಪದವನ್ನು ಕಲಿಸಲು ಗಡುವಿರಲಿಲ್ಲ. ಶಿಷ್ಯೆಗೆ ಬರುವವರೆಗೂ ಪಾಠ. ಕಾಲೇಜಿನಲ್ಲಿ ಗಂಟೆಗೆ ತಕ್ಕ ಪಾಠ, ವರ್ಷಕ್ಕೆ ತಕ್ಕ ಪಠ್ಯ, ಕೊನೆಗೆ ಅಂಕ ಮತ್ತು ಪರೀಕ್ಷೆ. ಮನೋಧರ್ಮವನ್ನು ಪಠ್ಯಕ್ರಮದ ಚೌಕಟ್ಟಿಗೆ ಒಗ್ಗಿಸುವುದು ಸುಲಭವಲ್ಲ. ಆದರೆ ಆ ಚೌಕಟ್ಟೇ ಇನ್ನೊಂದು ಬಾಗಿಲನ್ನು ತೆರೆಯಿತು. ಯಾವ ಮನೆತನದ, ಯಾವ ಜಾತಿಯ ಹೆಣ್ಣಾಗಲಿ, ಗಂಡಾಗಲಿ ಅರ್ಜಿ ಹಾಕಿ, ಶುಲ್ಕ ಕಟ್ಟಿ ಈ ವಿದ್ಯೆಯನ್ನು ಕಲಿಯಬಹುದಾಯಿತು. ಒಂದು ಕಾಲಕ್ಕೆ ಹೆಸರು ಹೇಳಲೂ ಹಿಂಜರಿಯುತ್ತಿದ್ದ ವಿದ್ಯೆ ಪದವಿ ಪತ್ರದ ಮೇಲೆ ಅಚ್ಚಾಯಿತು.

9 ವರ್ಷಗಳ ಸೇವೆಯ ಬಳಿಕ 1974ರಲ್ಲಿ ಅವರು ನಿವೃತ್ತರಾದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಯಚಾಮರಾಜ ಒಡೆಯರೂ ನಿಧನರಾದರು. ರಾಜಧನ 1971ರಲ್ಲೇ ರದ್ದಾಗಿತ್ತು. ಅರಮನೆಯ ಯುಗ ಹೀಗೆ ಪೂರ್ತಿಯಾಗಿ ಮುಗಿದಾಗ ಅದರ ಅಭಿನಯ ಪರಂಪರೆ ಆಗಲೇ ಹೊರಗೆ ಬಂದು ನೆಲೆಯೂರಿತ್ತು. ವೆಂಕಟಲಕ್ಷಮ್ಮನವರು ಸ್ಥಾಪಿಸಿದ ಭಾರತೀಯ ನೃತ್ಯ ನಿಕೇತನ, ನಿವೃತ್ತಿಯ ಬಳಿಕವೂ ಮುಂದುವರಿಸಿದ ಪಾಠ, ಶಿಷ್ಯರು ತೆರೆದ ಶಾಲೆಗಳು ಇದಕ್ಕೆ ಕಾರಣ.

ಶಿಷ್ಯರ ಮೂಲಕ ಉಳಿದ ಕಲೆ

ಬೆಂಗಳೂರಿನ ನೂಪುರ ಸಂಸ್ಥೆಯ ಲಲಿತಾ ಶ್ರೀನಿವಾಸನ್ ಅವರು ವೆಂಕಟಲಕ್ಷಮ್ಮನವರ ಪ್ರಮುಖ ಶಿಷ್ಯರಲ್ಲೊಬ್ಬರು. ಬೇರೆ ಶೈಲಿಗಳಲ್ಲಿ ಪಳಗಿದ ಅನೇಕ ಕಲಾವಿದರು ಅಭಿನಯಕ್ಕೆಂದೇ ಮೈಸೂರಿಗೆ ಹೋಗಿ ಅವರ ಮುಂದೆ ಕುಳಿತರು. ಮೈಸೂರು ಶೈಲಿ ಎಂಬುದೊಂದು ಪ್ರತ್ಯೇಕ ಪರಂಪರೆ, ಅದಕ್ಕೆ ತನ್ನದೇ ಆದ ಕ್ರಮ ಮತ್ತು ಸಾಹಿತ್ಯವಿದೆ ಎಂಬ ಅರಿವು ನೃತ್ಯ ವಲಯದಲ್ಲಿ ಇಂದು ಉಳಿದಿದ್ದರೆ ಅದಕ್ಕೆ ಈ ಶಿಷ್ಯ ಪರಂಪರೆ ಕಾರಣ.

ಅಭಿನಯವನ್ನು ಬರೆದಿಡುವುದು ಕಷ್ಟ. ಸಂಗೀತಕ್ಕೆ ಸ್ವರಲಿಪಿ ಇದೆ, ಅಡವಿಗೆ ಸೊಲ್ಲುಕಟ್ಟು ಇದೆ. ಕಣ್ಣಿನ ಹೊರಳಿಗೆ ಲಿಪಿಯಿಲ್ಲ. ಯಾವ ಸಂಚಾರಿಯ ನಂತರ ಯಾವುದು, ಯಾವ ಪದಕ್ಕೆ ಯಾವ ಒಳಾರ್ಥ ಎಂಬುದನ್ನು ಟಿಪ್ಪಣಿ ಮಾಡಿಕೊಳ್ಳಬಹುದು. ಆದರೆ ಎಷ್ಟು ಹೊತ್ತು ತಡೆಯಬೇಕು, ಎಲ್ಲಿ ಬಿಟ್ಟುಕೊಡಬೇಕು ಎಂಬ ಹದ ಗುರುವಿನ ಎದುರು ಕುಳಿತು ಕಂಡುಕೊಳ್ಳಬೇಕಾದದ್ದು. ಒಬ್ಬ ಗುರು ತೀರಿಕೊಂಡರೆ ಒಂದು ಗ್ರಂಥಾಲಯವೇ ಮುಚ್ಚಿದಂತೆ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. 8ರ ವಯಸ್ಸಿನಿಂದ 90ರ ಆಚೆಯವರೆಗೆ ಆ ಗ್ರಂಥಾಲಯದ ಬಾಗಿಲನ್ನು ತೆರೆದೇ ಇಟ್ಟದ್ದು ವೆಂಕಟಲಕ್ಷಮ್ಮನವರ ದೊಡ್ಡ ಸಾಧನೆ.

ಗೌರವಗಳು ತಡವಾಗಿಯಾದರೂ ಬಂದವು. 1977ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. 1992ರಲ್ಲಿ ಭಾರತ ಸರ್ಕಾರ ಪದ್ಮಭೂಷಣ ನೀಡಿ ಸನ್ಮಾನಿಸಿದಾಗ ಅವರಿಗೆ 86ರ ಹತ್ತಿರ. 1995ರಲ್ಲಿ ರಾಜ್ಯ ಸರ್ಕಾರದ ನಾಟ್ಯರಾಣಿ ಶಾಂತಲಾ ಪ್ರಶಸ್ತಿ ಅವರದಾಯಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಪದವಿಯನ್ನಿತ್ತು ಗೌರವಿಸಿತು. ಬೇಲೂರಿನ ಶಿಲಾಬಾಲಿಕೆಯರ ಜೊತೆ ನೆನಪಾಗುವ ಹೊಯ್ಸಳ ರಾಣಿಯ ಹೆಸರಿನ ಪ್ರಶಸ್ತಿ ಕಡೂರಿನ ತಾಂಡ್ಯದಲ್ಲಿ ಹುಟ್ಟಿದವರಿಗೆ ಸಂದದ್ದು ಔಚಿತ್ಯಪೂರ್ಣವೇ ಆಗಿತ್ತು.

ಊರಿಗೆ ಉಳಿದದ್ದು

ವೆಂಕಟಲಕ್ಷಮ್ಮನವರ ಬದುಕನ್ನು ಬಡ ಬಾಲಕಿ ಅರಮನೆ ಸೇರಿದ ಕಥೆಯಾಗಿ ಮಾತ್ರ ಓದಿದರೆ ಅರ್ಧ ಸತ್ಯ ಕೈತಪ್ಪುತ್ತದೆ. ಅರಮನೆ ಅವರಿಗೆ ಸ್ಥಾನ ನೀಡಿತು ನಿಜ. ಅರಮನೆ ಇಲ್ಲವಾದ ಮೇಲೂ ಆ ಸ್ಥಾನವನ್ನು ಉಳಿಸಿಕೊಂಡದ್ದು ಅವರ ವಿದ್ಯೆ. ಬೀದಿಯಲ್ಲಿ ಕುಣಿದರೆ ಜಾನಪದ, ಸಭೆಯಲ್ಲಿ ಕುಣಿದರೆ ಶಾಸ್ತ್ರೀಯ ಎಂಬ ಗೆರೆಯನ್ನು ಈ ಬದುಕು ಅಳಿಸುತ್ತದೆ. ಶಾಸ್ತ್ರೀಯ ಕಲೆ ಕೆಲವೇ ಮನೆತನಗಳ ಸೊತ್ತು ಎಂಬ ನಂಬಿಕೆಗೂ ಇಲ್ಲಿ ಉತ್ತರವಿದೆ: ಕುಸ್ತಿಪಟುವಿನ ಮಗಳು ಗುರು, ಲಂಬಾಣಿಗರ ಮಗಳು ಶಿಷ್ಯೆ, ಮೈಸೂರು ಅಭಿನಯ ಪರಂಪರೆಯನ್ನು 20ನೆಯ ಶತಮಾನದ ಉದ್ದಕ್ಕೂ ಹೊತ್ತು ತಂದವರು ಈ ಇಬ್ಬರು.

ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಲಿನ ತಾಂಡ್ಯಗಳಲ್ಲಿ ಹೋಳಿಯ ಹಾಡು ಇನ್ನೂ ನಿಂತಿಲ್ಲ. ಅಲ್ಲಿನ ಹೆಣ್ಣುಮಕ್ಕಳು ಈಗ ಶಾಲೆ, ಕಾಲೇಜು ಸೇರಿದ್ದಾರೆ. ಶಾಲಾ ವಾರ್ಷಿಕೋತ್ಸವದ ವೇದಿಕೆಯಲ್ಲಿ ಲಂಬಾಣಿ ನೃತ್ಯಕ್ಕೆ ಚಪ್ಪಾಳೆ ಬೀಳುತ್ತದೆ. ಅವರಲ್ಲಿ ಒಬ್ಬಳಿಗೆ ಅಷ್ಟಪದಿಯನ್ನು ಕಲಿಯಬೇಕೆನಿಸಿದರೆ, ಶತಮಾನದ ಹಿಂದೆ 8 ವರ್ಷದ ಬಾಲಕಿಗೆ ಇದ್ದಂತೆ ಗೊತ್ತಿಲ್ಲದ ದಾರಿಯನ್ನು ತುಳಿಯಬೇಕಾಗಿಲ್ಲ. ಆ ದಾರಿಯಲ್ಲಿ ಅವರದೇ ಸೀಮೆಯ ಹಿರಿಯಳೊಬ್ಬಳ ಹೆಜ್ಜೆ ಗುರುತು ಇದೆ. ಪಠ್ಯದಲ್ಲೋ ಗ್ರಂಥಾಲಯದಲ್ಲೋ ಆ ಹೆಸರು ಅವಳ ಕಣ್ಣಿಗೆ ಬೀಳುವಂತೆ ನೋಡಿಕೊಳ್ಳುವ ಹೊಣೆ ಊರಿನದು ಮತ್ತು ನಾಡಿನದು.